ಮಿಕ್ಕ ಅಕ್ಕಿಯೂ ಮಿಕ್ಕ ಹೊಗೆಯೂ

ಆಯ್ದಕ್ಕಿ ಮಾರಯ್ಯನವರ ವೃತ್ತಾಂತವನ್ನು ಅರಿಯದ ಭಕ್ತರು ವಿರಳ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ತರಲು, ಸತಿ ಲಕ್ಕಮ್ಮನವರು ಮಿಕ್ಕುದನ್ನು ಅಲ್ಲಿಯೇ ಮರಳಿ ಸುರಿದು ಬರುವಂತೆ ಹೇಳಿದರು. ಮಿಕ್ಕುದನ್ನು ಮರಳಿಸುವ ಈ ಧರ್ಮವು ಅಕ್ಕಿಗೆ ಸಲ್ಲುವಂತೆ ಹೊಗೆಗೂ ಸಲ್ಲುವುದೇ?

ಪ್ರಶ್ನೆ ವಿಚಿತ್ರವೆನಿಸಬಹುದು. ಮೈಸೂರಿನ ಹೂಟಗಳ್ಳಿಯನ್ನೇ ನೋಡಿರಿ. ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರದು ಕಾಯಕವೇ ಸರಿ. ಅದನ್ನು ಹಳಿಯುವುದು ನಮಗೆ ತಗದು. ಆದರೆ ಅಲ್ಲಿನ ಯಂತ್ರಗಳಿಗೂ ನಮ್ಮ ಮನೆಯ ದೀಪಗಳಿಗೂ ಬರುವ ವಿದ್ಯುತ್ತಿನ ಒಂದು ಪಾಲು ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲನ್ನು ಸುಟ್ಟು ಪಡೆದದ್ದು. ಅದರಿಂದೇಳುವ ಇಂಗಾಲಾಮ್ಲ ವಾಯು ಲೋಕದ ತಾಪವನ್ನು ಏರಿಸುತ್ತಿದೆ. ಈ ವಾಯುವನ್ನು ಹೊರಡುವಲ್ಲಿಯೇ ಹಿಡಿದು ಭೂಗರ್ಭದಲ್ಲಿ ಇರಿಸುವ ಉಪಾಯವೊಂದುಂಟು. ನಾರ್ವೆಯವರು ತಾವು ತೆಗೆದ ಅನಿಲದಿಂದ ಇದನ್ನು ಬೇರ್ಪಡಿಸಿ 1996ರಲ್ಲಿಯೇ ಕಡಲತಳದ ಮರಳುಗಲ್ಲಿನೊಳಗೆ ಇಳಿಸತೊಡಗಿದರು. ಐಸ್‌ಲೆಂಡಿನಲ್ಲಿ 2012ರಲ್ಲಿ ನೀರಿನೊಡನೆ ಕರಗಿಸಿ ಬಸಾಲ್ಟ್ ಎಂಬ ಕಪ್ಪುಶಿಲೆಯೊಳಕ್ಕೆ ಬಿಟ್ಟ ವಾಯುವು ಎರಡು ವರ್ಷಗಳೊಳಗೆ ಬಹುಪಾಲು ಕಲ್ಲಾಯಿತು. ನಮ್ಮ ನೀತಿ ಆಯೋಗವೂ 2022ರಲ್ಲಿ ಈ ಕುರಿತು ವರದಿಯೊಂದನ್ನು ಹೊರಡಿಸಿತು.

ನೆಲದಿಂದ ಬಂದುದನ್ನು ನೆಲಕ್ಕೆ ಮರಳಿಸುವುದು ಲಕ್ಕಮ್ಮನವರ ಮಾತಿಗೆ ಒಪ್ಪುವಂತೆಯೇ ತೋರುತ್ತದೆ. ಆದರೆ ಮಾರಯ್ಯನವರು ಸುರಿದದ್ದು ತಾವು ಆಯ್ದ ಅಂಗಳದಲ್ಲಿಯೇ. ನಮಗೆ ಆ ಅಂಗಳವೆಲ್ಲಿ? ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. ಹೂಟಗಳ್ಳಿಯ ಅಡಿಯಲ್ಲಿರುವುದು 250 ಕೋಟಿ ವರ್ಷಗಳಿಗೂ ಹಳೆಯದಾದ ನೈಸ್ ಶಿಲೆ. ವಾಯುವನ್ನು ತುಂಬಿಕೊಳ್ಳುವ ರಂಧ್ರಗಳು ಅದಕ್ಕಿಲ್ಲ. ಕಪ್ಪುಶಿಲೆಯಿರುವುದು ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಡೆ. ಅದೂ ಮಹಾರಾಷ್ಟ್ರದತ್ತ ಹೋದಂತೆ ದಪ್ಪವಾಗುತ್ತದೆ. ಮೇಲಾಗಿ ಐಸ್‌ಲೆಂಡಿನ ಕ್ರಮದಲ್ಲಿ ಒಂದು ಟನ್ ವಾಯುವಿಗೆ ಸುಮಾರು 25 ಟನ್ ನೀರು ಬೇಕು. ವಿಜಯಪುರದ ರೈತನು ಮುಗಿಲು ನೋಡುತ್ತ ಕುಳಿತಿರುವಾಗ, 500 ಕಿಲೋಮೀಟರು ದೂರದವರ ಮಿಕ್ಕುದನ್ನು ಅವನ ಹೊಲದಡಿ ಇಡಲು ನೀರನ್ನು ಎಲ್ಲಿಂದ ತರೋಣ? ಅವನನ್ನು ಕೇಳಿದವರಾರು?

ಹಾಗೆಂದು ಈ ಉಪಾಯವನ್ನೇ ತಳ್ಳಿಹಾಕುವುದು ಅಗ್ಗದ ಮಡಿವಂತಿಕೆ. ನಮ್ಮ ಹೊಗೆ ಈಗಲೂ ಆ ರೈತನ ಅಂಗಳದಲ್ಲಿಯೇ ಇದೆ. ಅದೂ ಅವನ ಅಪ್ಪಣೆ ಕೇಳಿ ಹೋದದ್ದಲ್ಲ. ಸೇಡಂ, ವಾಡಿಗಳ ಸಿಮೆಂಟು ಗೂಡುಗಳಲ್ಲಿ ಸುಣ್ಣಕಲ್ಲು ಬೇಯುವಾಗ ಕಲ್ಲಿನೊಳಗಿಂದಲೇ ಈ ವಾಯು ಹೊರಡುತ್ತದೆ; ಇಂಧನವನ್ನು ಬದಲಿಸಿದರೂ ಅದು ನಿಲ್ಲದು. ಅಂಥದಕ್ಕೆ ಭೂಗರ್ಭದ ಉಗ್ರಾಣವನ್ನು ಮೀಸಲಿಡುವುದು ನ್ಯಾಯವೇ. ದೀಪದ ಮಾತು ಬೇರೆ. ಪಾವಗಡದಲ್ಲಿ 2,050 ಮೆಗಾವಾಟಿನ ಸೌರಸ್ಥಾವರವನ್ನು ಕಟ್ಟಿದ ನಾಡು, ಬಿಸಿಲಿನಿಂದ ಪಡೆಯಬಹುದಾದುದನ್ನೂ ಕಲ್ಲಿದ್ದಲಿನಿಂದ ಪಡೆದು, ಉಳಿದುದನ್ನು ಪರರ ನೆಲದಲ್ಲಿ ಹೂಳಹೊರಟರೆ ಅದನ್ನು ಮರಳಿಸುವುದೆನ್ನಲಾಗದು. ಲಕ್ಕಮ್ಮನವರು ಮೊದಲು ಅಳೆದದ್ದು ತಮ್ಮ ಮನೆಯ ಅಂದಂದಿನ ಅಗತ್ಯವನ್ನು.

ಇನ್ನೊಂದು ಸಂಗತಿ. ಕಲ್ಲಾಗದೆ ವಾಯುವಾಗಿಯೇ ಉಳಿದುದನ್ನು ತಲೆಮಾರುಗಳ ಕಾಲ ಕಾಯಬೇಕಾಗುತ್ತದೆ. ನೂರು ವರ್ಷದ ಹಿಂದಿನ ದತ್ತಿಪತ್ರದಂತೆ ನಡೆದುಕೊಳ್ಳುವುದೇ ಮಠಗಳಿಗೆ ಕಷ್ಟವಾಗಿರುವಾಗ (ಇದನ್ನು ಬಲ್ಲವರು ಬಲ್ಲರು), ಈ ಕಾವಲಿನ ಕರಾರನ್ನು ಯಾರ ಹೆಸರಿನಲ್ಲಿ ಬರೆಯುವುದು? ಯೋಜನೆ ಸಿದ್ಧಪಡಿಸುವವರು ಕೊಳವೆ ಇಳಿಸುವ ಮುನ್ನ ಆ ಊರಿನ ಗ್ರಾಮಸಭೆಯ ಮುಂದೆ, ತಿಳಿಗನ್ನಡದಲ್ಲಿ, ಇದಕ್ಕೆ ಉತ್ತರ ಕೊಡಲಿ.