ನೀಲಗಿರಿಯ ತವರಿನಲ್ಲಿ

ಕಾಂಗರೂ ನೋಡುವವರು ಬಿಸಿಲೇರುವ ಮೊದಲೇ ಹೋಗಬೇಕು. ಹೊತ್ತು ಏರಿದಂತೆ ಅವು ನೆರಳು ಹುಡುಕಿಕೊಂಡು ಒರಗಿಬಿಡುತ್ತವೆ. ಆಮೇಲೆ ದೂರದಿಂದ ಕಾಣುವುದು ಬೂದುಗಂದು ಬಣ್ಣದ ದಿಬ್ಬ ಮಾತ್ರ. ಅದಕ್ಕೇ ಸಿಡ್ನಿಯಿಂದ ಬ್ಲೂ ಮೌಂಟನ್ಸ್ ಬೆಟ್ಟಸಾಲಿಗೆ ಜನರನ್ನು ಕರೆದೊಯ್ಯುವ ಗೈಡುಗಳಲ್ಲಿ, ಒಂದೇ ಮನೆಯವರಿಗೆಂದು ಗೊತ್ತುಮಾಡಿಕೊಂಡವರು ಕತ್ತಲಿರುವಾಗಲೇ ಬಾಗಿಲಿಗೆ ಬರುತ್ತಾರೆ. ದೊಡ್ಡ ಬಸ್ಸುಗಳಿಂದ ಅದು ಆಗದು. ಹೋಟೆಲು ಹೋಟೆಲಿನ ಮುಂದೆ ನಿಂತು ಜನರನ್ನು ಹತ್ತಿಸಿಕೊಂಡು ಹೊರಡುವಷ್ಟರಲ್ಲಿ ಬೆಳಗಿನ ಜಾವ ಮುಗಿದಿರುತ್ತದೆ. ಒಂಟಿ ಗೈಡಿಗೆ ದುಡ್ಡು ಹೆಚ್ಚು, ನಿಜ. ನಮಗೆ ಅಂಥವನನ್ನು ಗೊತ್ತುಮಾಡಿ ದುಡ್ಡು ಕೊಟ್ಟವಳು ಮಗಳು. "ರೀ, ಮಗಳು ಕೊಟ್ಟಿದ್ದನ್ನ ರೂಪಾಯಿಗೆ ಲೆಕ್ಕ ಹಾಕಬೇಡಿ" ಎಂದು ಹೆಂಡತಿ ಮೊದಲೇ ಹೇಳಿಟ್ಟಿದ್ದಳು. ನಾನು ಕಾರು ಹತ್ತುವ ಮೊದಲೇ ಹಾಕಿ ಮುಗಿಸಿದ್ದೆ.

ಜೂನ್ ತಿಂಗಳು. ಇಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಅಲ್ಲಿ ಚಳಿಗಾಲ. ಸಿಡ್ನಿಯ ಪಡುವಣದ ಬಯಲು ದಾಟುವಾಗ ಬೆಳಕು ಹರಿಯಿತು. ರಸ್ತೆಬದಿಯ ಮರಗಳನ್ನು ನೋಡಿದೊಡನೆ ಗುರುತು ಹತ್ತಿತು. ನುಣುಪು ಕಾಂಡ, ಸುಲಿದು ಜೋತ ತೊಗಟೆ, ಕೆಳಕ್ಕೆ ಇಳಿಬಿದ್ದ ಕತ್ತಿಯಾಕಾರದ ಎಲೆ. ಕೋಲಾರದ ಕಡೆ ಹುಟ್ಟಿದವನಿಗೆ ಈ ಮರವನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಗೈಡು ಅದನ್ನು ಫಾರೆಸ್ಟ್ ರೆಡ್ ಗಮ್ ಎಂದ. ಸಸ್ಯಶಾಸ್ತ್ರದವರಿಗೆ ಅದು ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ನಂದಿಬೆಟ್ಟದ ಮರಗಳ ಬೀಜದಿಂದ ಹಬ್ಬಿ, ಅರಣ್ಯ ಇಲಾಖೆಯವರ ಬಾಯಲ್ಲಿ ಮೈಸೂರ್ ಗಮ್ ಎನಿಸಿಕೊಂಡು, ನಮ್ಮ ಹೊಲಹೊಲಕ್ಕೂ ಬಂದ ನೀಲಗಿರಿ ಬಹುಪಾಲು ಇದೇ ಕುಲದ್ದು. ಇಷ್ಟು ದೂರ ವಿಮಾನದಲ್ಲಿ ಬಂದು ಮೊದಲು ಕಂಡದ್ದು ಊರ ತೋಪಿನ ಮರ. ಸಣ್ಣದೊಂದು ನಿರಾಸೆ ಆಗದೆ ಇರಲಿಲ್ಲ.

ಗ್ಲೆನ್‌ಬ್ರೂಕ್ ಎಂಬ ಊರಿನ ಬಳಿ ರಾಷ್ಟ್ರೀಯ ಉದ್ಯಾನದ ಗೇಟು. ರಾತ್ರಿ ಮುಚ್ಚಿದ್ದನ್ನು ಬೆಳಿಗ್ಗೆ ತೆರೆಯುತ್ತಾರೆ. ಒಳಗೆ ಹೋದರೆ ಹಳ್ಳಕ್ಕೆ ಅಡ್ಡಲಾಗಿ ತಗ್ಗಿನ ಸೇತುವೆ, ಮಳೆ ಜೋರಾದರೆ ಅದರ ಮೇಲೆಯೇ ನೀರು ಹರಿದು ದಾರಿ ಬಂದ್. ಅದನ್ನು ದಾಟಿ ಕಾಡಿನ ನಡುವೆ ಸ್ವಲ್ಪ ದೂರ ಸಾಗಿದರೆ ಯುರೋಕಾ ಎಂಬ ಹುಲ್ಲುಬಯಲು. ಇಬ್ಬನಿ ಇನ್ನೂ ಆರಿರಲಿಲ್ಲ. ಕಾಂಗರೂಗಳು ಮೇಯುತ್ತಿದ್ದವು.

ನೇರವಾಗಿ ಅವುಗಳತ್ತ ನಡೆಯಬೇಡಿ, ಓರೆಯಾಗಿ ಹೋಗಿ, ನಡುವೆ ನಿಲ್ಲಿ, ಬೇರೆ ಕಡೆ ನೋಡಿ ಎಂದ ಗೈಡು. ತಿನ್ನಲು ಏನನ್ನೂ ಕೊಡಬೇಡಿ ಎಂದೂ ಹೇಳಿದ. ಅಷ್ಟು ಹೇಳಿ ತಾನು ಒಂದು ದಿಮ್ಮಿಯ ಮೇಲೆ ಕೂತುಬಿಟ್ಟ. ಗೈಡು ಎಂದರೆ ಬಾಯಿ ಮುಚ್ಚದವನು ಎಂದು ನಮ್ಮ ತಿಳುವಳಿಕೆ. ಈ ಮನುಷ್ಯ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು, ಕೊಟ್ಟ ದುಡ್ಡು ಆ ಬಿಟ್ಟದ್ದಕ್ಕೇ ಸಂದಿತು ಎಂದು ಆಮೇಲೆ ನನಗನ್ನಿಸಿದೆ. ನಿಂತೆವು. ಕಾಂಗರೂ ಮೇಯುವಾಗ ಜಿಗಿಯುವುದೇ ಇಲ್ಲ. ಮುಂಗಾಲುಗಳನ್ನು ನೆಲಕ್ಕೂರಿ, ಬಾಲವನ್ನೂ ಊರಿ, ಆ ಬಲದ ಮೇಲೆ ಹಿಂಗಾಲುಗಳನ್ನು ಒಟ್ಟಿಗೆ ಮುಂದಕ್ಕೆಳೆದುಕೊಳ್ಳುತ್ತದೆ. ಬಾಲವೂ ಅದಕ್ಕೊಂದು ಕಾಲು. ಒಂದು ತಾಯಿಯ ಹೊಟ್ಟೆಚೀಲದಿಂದ ಮರಿಯ ತಲೆ ಹೊರಗೆ ಬಂತು. ತಾಯಿ ಬಗ್ಗಿ ಹುಲ್ಲು ಕಚ್ಚಿದಾಗ ಮರಿಯೂ ಚೀಲದಲ್ಲಿ ಕೂತಲ್ಲಿಂದಲೇ ಅದೇ ಹುಲ್ಲಿಗೆ ಬಾಯಿ ಹಾಕಿತು. ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದವಳು ಬಿಡಲೇ ಇಲ್ಲ.

ಬಯಲಂಚಿನ ಬಿಳಿ ಕಾಂಡಗಳ ಮೇಲೆ ಎಳೆಯ ಮಕ್ಕಳು ಸ್ಲೇಟಿನ ಮೇಲೆ ಗೀಚಿದಂಥ ಅಂಕುಡೊಂಕು ಗೆರೆಗಳು. ಒಂದು ಜಾತಿಯ ಪತಂಗದ ಹುಳು ತೊಗಟೆಯ ಒಳಗೆ ತಿನ್ನುತ್ತಾ ಸಾಗಿದ ದಾರಿಯಂತೆ. ಹಳೆಯ ತೊಗಟೆ ಕಳಚಿದ ಮೇಲೆ ಅದು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಮರದ ಎಲೆಗಳಲ್ಲಿ ಜರಡಿಯಷ್ಟು ತೂತು. ನಾನು ಆ ಎಲೆಯನ್ನೇ ನೋಡುತ್ತಾ ನಿಂತದ್ದು ಕಂಡು ಗೈಡು ಹತ್ತಿರ ಬಂದ. ನಮ್ಮೂರಲ್ಲೂ ಈ ಮರ ಇದೆ, ಲೆಕ್ಕವಿಲ್ಲದಷ್ಟಿದೆ ಎಂದೆ.

"ಹೌದೇ? ಅಲ್ಲಿ ಇದರ ಎಲೆ ಯಾರು ತಿನ್ನುತ್ತಾರೆ?" ಎಂದು ಕೇಳಿದ.

ಇಂಥ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಎಷ್ಟು ನೀರು ಕುಡಿಯುತ್ತದೆ ಎಂದು ಕೇಳಿದ್ದೇವೆ, ಟನ್ನಿಗೆ ಎಷ್ಟು ಸಿಗುತ್ತದೆ ಎಂದು ಕೇಳಿದ್ದೇವೆ. ಯಾರು ತಿನ್ನುತ್ತಾರೆ? ಯಾರೂ ಇಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿದ ಸೊಪ್ಪು ಅದು. ಆಡು ಮುಟ್ಟುವುದಿಲ್ಲ ಎಂಬುದಕ್ಕಾಗಿಯೇ ಅದು ಬೇಲಿಯಿಲ್ಲದ ಹೊಲಗಳಿಗೆ ಬಂತು. ಕಾಯುವ ಆಳು ಬೇಡ, ಕಳೆ ಕೀಳುವ ಆಳು ಬೇಡ. ಮಾಲೀಕ ಬೆಂಗಳೂರಿನಲ್ಲಿದ್ದರೂ ಮರ ತನ್ನಷ್ಟಕ್ಕೆ ಬೆಳೆಯುತ್ತಿತ್ತು.

1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದ ತನ್ನ ತೋಟಕ್ಕೆ ತರಿಸಿದ ಬೀಜಗಳಿಂದ ಇದು ನಮ್ಮಲ್ಲಿ ಶುರುವಾಯಿತು ಎಂದು ಹೇಳುವುದುಂಟು. ಊರೂರಿಗೆ ಇಳಿದದ್ದು ಮಾತ್ರ 1980ರ ದಶಕದಲ್ಲಿ, ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ. ರಾಗಿ ಬಿತ್ತುತ್ತಿದ್ದ ಹೊಲಗಳಲ್ಲಿ ನೀಲಗಿರಿ ಎದ್ದಿತು. 1983ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗರು ಮೆರವಣಿಗೆಯಲ್ಲಿ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು. ಮರ ನಿಜಕ್ಕೂ ನೀರು ಬತ್ತಿಸುತ್ತದೆಯೇ ಎಂಬ ಜಗಳ ವಿಜ್ಞಾನಿಗಳ ನಡುವೆ ಬಹುಕಾಲ ನಡೆಯಿತು. ಕರ್ನಾಟಕದಲ್ಲೇ ಅಳೆದು ನೋಡಿದಾಗ ಹೊಸಕೋಟೆಯ ಬಳಿಯ ಆಳಮಣ್ಣಿನಲ್ಲಿ ಎಳೆಯ ತೋಪು ಬಿದ್ದ ಮಳೆಗಿಂತಲೂ ಹೆಚ್ಚು ನೀರು ಎಳೆದುಕೊಂಡದ್ದು ಕಂಡಿತು. ಮಣ್ಣಿನ ಆಳ ಕಡಿಮೆಯಿದ್ದ ಕಡೆ ಹಾಗಾಗಲಿಲ್ಲ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಇದನ್ನೆಲ್ಲ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಕಾರು ಸಾವಿರ ಮೀಟರ್ ಎತ್ತರದ ಕಟೂಂಬಾ ಊರಿಗೆ ಬಂದಿತ್ತು.

ಅಲ್ಲಿನ ಎಕೋ ಪಾಯಿಂಟ್ ಎಲ್ಲರೂ ನೋಡುವ ಜಾಗ. ತ್ರೀ ಸಿಸ್ಟರ್ಸ್ ಎಂಬ ಮೂರು ಬಂಡೆಗಳಿಗೆ ಬೆನ್ನು ತಿರುಗಿಸಿ ಮೊಬೈಲು ಹಿಡಿದ ಸಾಲು. ನಾವೂ ಹಿಡಿದೆವು, ಹೊರಟೆವು.

ನಿಂತದ್ದು ಬ್ಲ್ಯಾಕ್‌ಹೀತ್ ಊರಾಚೆಯ ಗೋವೆಟ್ಸ್ ಲೀಪ್‌ನಲ್ಲಿ. ನಂದಿಬೆಟ್ಟದಲ್ಲಿ ನಾವು ಮೇಲಕ್ಕೆ ಹತ್ತಿ ಕೆಳಗಿನ ಬಯಲು ನೋಡುತ್ತೇವೆ. ಇಲ್ಲಿ ಹತ್ತುವುದೇ ಇಲ್ಲ. ಮನೆ, ಅಂಗಡಿ, ರೈಲು ನಿಲ್ದಾಣ ಎಲ್ಲ ಇರುವ ಸಮತಟ್ಟಾದ ನೆಲದ ಮೇಲೆ ನಡೆಯುತ್ತಾ ಹೋದರೆ ಒಂದು ಕಡೆ ನೆಲ ಮುಗಿದುಬಿಡುತ್ತದೆ. ಕಾಲಡಿಯ ಮರಳುಗಲ್ಲು ಇಪ್ಪತ್ತು ಕೋಟಿ ವರ್ಷಕ್ಕೂ ಹಳೆಯದು. ಅದರ ಕೆಳಗೆ ಮೆತ್ತಗಿನ ಜೇಡಿಗಲ್ಲು, ಕಲ್ಲಿದ್ದಲಿನ ಪದರ. ನೀರು ಆ ಮೆತ್ತಗಿನದನ್ನು ಕೊರೆಯುತ್ತದೆ, ಆಸರೆ ತಪ್ಪಿದ ಮೇಲಿನ ಬಂಡೆ ಸೀಳಿಕೊಂಡು ಉರುಳುತ್ತದೆ. ಹೀಗಾಗಿ ಕಣಿವೆಯ ಗೋಡೆಗಳು ಕಡಿದಿಟ್ಟಷ್ಟು ನೆಟ್ಟಗೆ. ಕೆಳಗೆ ಕಣ್ಣಿಗೆ ಎಟಕುವಷ್ಟು ದೂರ ಗ್ರೋಸ್ ಕಣಿವೆ, ಅದರ ತುಂಬ ಬರೀ ನೀಲಗಿರಿಯ ಕುಲ. ಎಲೆಗಳಿಂದ ಆವಿಯಾಗುವ ಎಣ್ಣೆಯ ಅಂಶ ಗಾಳಿಯಲ್ಲಿ ನವಿರು ಕಣವಾಗಿ ಬೆಳಕನ್ನು ಚೆದುರಿಸುವುದರಿಂದ ದೂರದ ಗುಡ್ಡಗಳಿಗೆ ಆ ನೀಲಿ ಬರುತ್ತದೆ ಎನ್ನುತ್ತಾರೆ. 1836ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್ ಇಲ್ಲಿಗೆ ಬಂದಿದ್ದ. ಈ ನಾಡಿನ ಗಿಡಮರ ಎಲ್ಲಿ ನೋಡಿದರೂ ಒಂದೇ ತೆರ ಎಂದು ಅವನಿಗೆ ಅನ್ನಿಸಿತ್ತು. ಅವನ ಕಣ್ಣಿಗೂ ಹಾಗೆ ಕಂಡಿತಲ್ಲ ಎಂದು ನನಗೊಂದು ಸಮಾಧಾನ. ಒಂದೇ ತೆರ ಎಂದುಕೊಂಡದ್ದರಲ್ಲಿ ತೊಂಬತ್ತಕ್ಕೂ ಹೆಚ್ಚು ಜಾತಿಗಳಿವೆ. 2000ದಲ್ಲಿ ಈ ಬೆಟ್ಟಸಾಲನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಆ ವೈವಿಧ್ಯವೂ ಒಂದು ಕಾರಣ.

ದರುಗ್ ಮತ್ತು ಗುಂಡುಂಗುರ್ರಾ ಜನರ ನೆಲ ಇದು ಎಂದು ಗೈಡು ಬೆಳಿಗ್ಗೆಯೇ ಹೇಳಿದ್ದ. ಈಗ ಕಣಿವೆಯ ತಳದತ್ತ ಕೈತೋರಿಸಿ ಇನ್ನೊಂದು ಕತೆ ಹೇಳಿದ. ಅಲ್ಲಿ ನದಿ ಕೂಡುವ ಕಡೆ ಬ್ಲೂ ಗಮ್ ಫಾರೆಸ್ಟ್ ಎಂಬ ಎತ್ತರದ ನೀಲಗಿರಿಗಳ ಕಾಡಿದೆ. 1931ರ ಈಸ್ಟರ್ ರಜೆಯಲ್ಲಿ ಚಾರಣಕ್ಕೆ ಹೋಗಿ ತಂಗಿದ್ದವರಿಗೆ ಒಬ್ಬ ರೈತ ಎದುರಾದ. ಆ ಜಾಗವನ್ನು ಸರ್ಕಾರದಿಂದ ಗೇಣಿಗೆ ಪಡೆದಿದ್ದ ಅವನು ಮರ ಕಡಿದು ಅಕ್ರೋಟು ಬೆಳೆಯುವವನಿದ್ದ. ಚಾರಣಿಗರು ಜಗಳ ಆಡಲಿಲ್ಲ, ಎಷ್ಟು ಕೊಟ್ಟರೆ ಬಿಡುತ್ತೀಯ ಎಂದು ಕೇಳಿದರು. ಮಹಾ ಆರ್ಥಿಕ ಕುಸಿತದ ಕಾಲ, ಕೆಲಸ ಕಳೆದುಕೊಂಡವರೇ ಎಲ್ಲೆಲ್ಲೂ. ಆದರೂ ಸಾಲ ಸೋಲ ಮಾಡಿ 130 ಪೌಂಡು ಹೊಂದಿಸಿ ಕೊಟ್ಟರು. ಮರುವರ್ಷ ಅದು ಕಾಯ್ದಿಟ್ಟ ಕಾಡಾಯಿತು.

ಅಲ್ಲಿ ನೀಲಗಿರಿಗಾಗಿ ಜನ ಗಂಟು ಬಿಚ್ಚಿದರು. ಐವತ್ತು ವರ್ಷ ಕಳೆದ ಮೇಲೆ ನಮ್ಮಲ್ಲಿ ಅದನ್ನೇ ಮೆರವಣಿಗೆ ಹೋಗಿ ಕಿತ್ತರು. ಬೇಲಿಗೆ ಒರಗಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದೆ. ಯಾರದು ತಪ್ಪು ಎಂದು ಹುಡುಕಹೊರಟರೆ ಸಿಗಲಿಲ್ಲ. ಚಾರಣಿಗರಂತೆಯೇ ತುಮಕೂರಿನವರೂ ತಮ್ಮ ನೆಲವನ್ನು ಸರಿಯಾಗಿಯೇ ನೋಡಿದ್ದರು. ಮರದಲ್ಲಿ ಒಳಿತೂ ಇಲ್ಲ, ಕೆಡುಕೂ ಇಲ್ಲ, ಅದು ಬದುಕುವುದೊಂದನ್ನೇ ಬಲ್ಲದು. ಇಲ್ಲಿ ಅದನ್ನು ತಿನ್ನುವ ಹುಳು, ಕೊರೆಯುವ ಪತಂಗ, ಸುಡುವ ಬೆಂಕಿ ಎಲ್ಲವೂ ಅದಕ್ಕೊಂದು ಮಿತಿ ಹಾಕಿವೆ. ನಾವು ಮರವನ್ನಷ್ಟೇ ಹಡಗಿಗೆ ಹಾಕಿಕೊಂಡೆವು. ಹುಳುವಿಗೆ ಟಿಕೆಟು ತೆಗೆಯಲಿಲ್ಲ.

ಬೆಂಕಿಯ ಮಾತು ಬಂತು. 2019ರ ಕೊನೆಯಿಂದ ಹೊಸ ವರ್ಷದ ಮೊದಲ ತಿಂಗಳುಗಳವರೆಗೆ ಹೊತ್ತಿದ ಕಾಡ್ಗಿಚ್ಚಿಗೆ ಈ ಪರಂಪರೆಯ ಕಾಡಿನ ಬಹುಭಾಗ ಸಿಕ್ಕಿತು, ಗ್ರೋಸ್ ಕಣಿವೆಯೂ ಉರಿಯಿತು. 1994ರಲ್ಲಷ್ಟೇ ಕಣ್ಣಿಗೆ ಬಿದ್ದಿದ್ದ, ಕಾಡಿನಲ್ಲಿ ನೂರು ದೊಡ್ಡ ಮರಗಳೂ ಇಲ್ಲದ ವೊಲೆಮೈ ಪೈನನ್ನು ಹೆಲಿಕಾಪ್ಟರಿನಿಂದ ನೀರು ಸುರಿದು ಉಳಿಸಿಕೊಂಡರು. ನೀಲಗಿರಿಗಳಿಗೆ ಯಾರೂ ನೀರು ಸುರಿಯಬೇಕಾಗಲಿಲ್ಲ. ತೊಗಟೆಯಡಿ ಮಲಗಿದ್ದ ಮೊಗ್ಗುಗಳು ಎದ್ದು, ಕರಿ ಹಿಡಿದ ಕಾಂಡದ ಉದ್ದಕ್ಕೂ ಚಿಗುರಿದವು. ಕೆಲವು ಮಣ್ಣಿನೊಳಗಿನ ಬೊಡ್ಡೆಯಿಂದಲೇ ಮತ್ತೆ ಮರವಾದವು. ಹೆಂಡತಿ "ಎಂಥಾ ಜೀವ" ಎಂದಳು. ನಾನು ನಮ್ಮ ಹೊಲದ ಬೊಡ್ಡೆಗಳನ್ನು ನೆನೆಸಿಕೊಂಡೆ. ಕಡಿದಷ್ಟೂ ಚಿಗುರುವ ಆ ಹಟವನ್ನು ಅಪ್ಪ ಬಯ್ಯದ ಬೇಸಿಗೆ ಇರಲಿಲ್ಲ.

ಇಳಿದು ಬರುವಾಗ ಡೂನ್‌ಸೈಡಿನ ವನ್ಯಜೀವಿ ಉದ್ಯಾನದಲ್ಲಿ ಕೊಆಲಾ ನೋಡಿದೆವು. ಬೆಟ್ಟದ ಕಾಡಿನಲ್ಲೂ ಇವೆ, ಆದರೆ ಒಂದು ದಿನಕ್ಕೆಂದು ಬಂದವರ ಕಣ್ಣಿಗೆ ಬೀಳುವುದು ಅಪರೂಪ. ಕೆಲಸದವರು ಕಡಿದು ತಂದು ಕಟ್ಟಿದ ನೀಲಗಿರಿ ಕೊಂಬೆಗಳ ನಡುವೆ ಅದು ಕಣ್ಣು ಮುಚ್ಚಿ ಕೂತಿತ್ತು. ಸಿಡ್ನಿ ಇರುವ ರಾಜ್ಯದಲ್ಲಿ ಅದನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವುದಕ್ಕೆ ಕಾನೂನು ಬಿಡುವುದಿಲ್ಲ, ಒಳ್ಳೆಯದೇ. ಎಲೆಯಲ್ಲಿ ಸತ್ವ ಕಡಿಮೆ, ವಿಷ ಹೆಚ್ಚು. ಅದನ್ನು ಅರಗಿಸಲು ಈ ಸಣ್ಣ ಪ್ರಾಣಿ ಸುಮಾರು ಎರಡು ಮೀಟರ್ ಉದ್ದದ ಕುರುಡುಗರುಳನ್ನು ಹೊತ್ತಿದೆ, ದಿನದ ಬಹುಪಾಲು ಮಲಗಿ ಶಕ್ತಿ ಉಳಿಸುತ್ತದೆ. ಅರಗಿಸುವ ಸೂಕ್ಷ್ಮಜೀವಿಗಳು ಮರಿಗೆ ಹುಟ್ಟಿನಿಂದ ಬರುವುದಿಲ್ಲ, ತಾಯಿ ಹೊರಹಾಕುವ ಮೆತ್ತಗಿನ ಲದ್ದಿಯನ್ನು ತಿಂದೇ ಪಡೆಯಬೇಕು. ನೀಲಗಿರಿಯಲ್ಲಿ ಎಲ್ಲ ಜಾತಿಯನ್ನೂ ತಿನ್ನುವುದಿಲ್ಲ, ಹಿಡಿಸಿದ ಜಾತಿಯಲ್ಲೂ ಈ ಮರ ಒಲ್ಲೆ, ಆ ಮರ ಆದೀತು ಎನ್ನುತ್ತದೆ. ಅದಕ್ಕೆ ಬಹಳ ಮೆಚ್ಚಿನವುಗಳಲ್ಲಿ ಒಂದು ಫಾರೆಸ್ಟ್ ರೆಡ್ ಗಮ್, ನಮ್ಮ ತೋಪಿನ ಮರ. ಆ ಮರಗಳಿದ್ದ ಬಯಲುಗಳು ಬಹುಪಾಲು ಬಡಾವಣೆಗಳಾಗಿವೆ. 2022ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪೂರ್ವದ ಈ ಭಾಗದ ಕೊಆಲಾಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಕೋಲಾರದಲ್ಲಿ ತಿನ್ನುವವರಿಲ್ಲದೆ ನಿಂತ ಸೊಪ್ಪು ನೆನಪಾಗಿ ಮನಸ್ಸು ಒಂದು ಗಳಿಗೆ ಹುಚ್ಚು ಲೆಕ್ಕ ಹಾಕಿತು.

ಮತ್ತೆ ಕಾರು ಹತ್ತಿದ ಮೇಲೆ ಊರಿನಿಂದ ತಮ್ಮನ ಫೋನು. ಅಲ್ಲಿನ್ನೂ ಮಧ್ಯಾಹ್ನ. "ಅಣ್ಣಾ, ಬೊಡ್ಡೆ ಕೀಳಿಸೋಕೆ ಜೇಸಿಬಿ ಸಿಕ್ಕಿದೆ, ಗಂಟೆ ಲೆಕ್ಕ. ನಾಳೆನೇ ಬತ್ತಾನಂತೆ. ಏನ್ ಮಾಡಾಣ?"

"ಕೀಳಿಸು" ಎಂದೆ. "ಮೊದಲ ವರ್ಷ ಹುರುಳಿ ಚೆಲ್ಲು. ಬದುವಿನ ಮೇಲೆ ಹೊಂಗೆ ಹಾಕು."

"ಬಾವಿ ಹತ್ರ ಒಂದು ಬಿಡಾಣವಾ, ನೆಳ್ಳಿಗೆ?"

"ಬೇಡ, ಅದನ್ನೂ ತೆಗೆಸು."

ಏನು ವಿಷಯ ಎಂದು ಗೈಡು ಕೇಳಿದ. ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾನೇನೋ ಎಂದುಕೊಂಡೆ, ಅವನಿಗೆ ಹೊಸ ಹುರುಪೇ ಬಂತು. ತಾನೂ ಊರಿನವರ ಜತೆ ಆಗಾಗ ಹಳ್ಳಕ್ಕಿಳಿದು ಕಾಡಿಗೆ ನುಗ್ಗಿದ ಲಂಟಾನಾ ಕೀಳುತ್ತೇನೆ ಎಂದ. ದಕ್ಷಿಣ ಅಮೆರಿಕದ ಗಿಡ, ನಮ್ಮ ಬಂಡೀಪುರಕ್ಕೂ ಅದೇ ಪೀಡೆ ಎಂದೆ. ಬುಡದಲ್ಲಿ ಕತ್ತರಿಸುವುದೋ, ಬೇರು ಸಮೇತ ಮಗುಚುವುದೋ, ಯಾವುದರಿಂದ ಮತ್ತೆ ಚಿಗುರುವುದಿಲ್ಲ ಎಂಬ ವಾದ ಶುರುವಾಯಿತು. ಪ್ಯಾರಮಟ್ಟಾ ದಾಟಿದರೂ ಇಬ್ಬರಲ್ಲಿ ಒಬ್ಬರೂ ಸೋಲಲು ತಯಾರಿರಲಿಲ್ಲ.