ಹಳ್ಳಿಯ ಚಿತ್ರವೂ ಹಳ್ಳಿಯ ಋಣವೂ

ನೋಡುವವನ ಕಣ್ಣಿಗೆ ಸೊಗಸಾಗಿ ತೋರುವುದೆಲ್ಲವೂ ಅಲ್ಲಿ ಬಾಳುವವನಿಗೆ ಸುಖಕರವಾಗಿರಬೇಕೆಂಬ ನಿಯಮವಿಲ್ಲ. ಆಷಾಢದ ಮಳೆಯಲ್ಲಿ ಕೋಟದ ಬೈಲುಗದ್ದೆಗಳನ್ನು ಹೆದ್ದಾರಿಯಿಂದ ನೋಡುವವನಿಗೆ ಅವು ಹಸುರಿನ ಹಾಸು. ಮೊಣಕಾಲುದ್ದದ ಕೆಸರಿನಲ್ಲಿ ಬೆನ್ನು ಬಾಗಿಸಿ ನಟ್ಟಿಮಾಡುವ ಹೆಂಗಸಿಗೆ ಅವೇ ಗದ್ದೆಗಳು ದಿನಗೂಲಿಯ ಅಳತೆ. ಹೀಗಿರುವಲ್ಲಿ, ಹಳ್ಳಿಯನ್ನು ಸುಂದರವಾಗಿ ಚಿತ್ರಿಸುವ ಕಲಾವಿದನು ಸತ್ಯವನ್ನು ತೋರುತ್ತಾನೆಯೆ, ಇಲ್ಲವೆ ಅನ್ಯರ ಬವಣೆಗೆ ಬಣ್ಣ ಬಳಿಯುತ್ತಾನೆಯೆ? ಈ ಪ್ರಶ್ನೆಯು ಕಲಾವಿಮರ್ಶಕರಿಗೆ ಮಾತ್ರ ಸೇರಿದುದಲ್ಲ; ಊರನ್ನು ಬಿಟ್ಟು ಊರನ್ನು ಪ್ರೀತಿಸುವ ಎಲ್ಲರಿಗೂ ಸೇರಿದುದು.

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ವ್ಯಾಸಂಗಮಾಡಿ, 1949-50ರಲ್ಲಿ ಪ್ಯಾರಿಸಿನ ಜೂಲಿಯನ್ ಅಕಾಡೆಮಿಯಲ್ಲಿ ಅಭ್ಯಾಸವನ್ನು ಮುಂದುವರಿಸಿದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ಪಡೆದು, 1996ರಲ್ಲಿ ಮುಂಬಯಿಯಲ್ಲಿ ನಿಧನಹೊಂದಿದರು. ಬಾಳಿನ ಬಹುಭಾಗವನ್ನು ಮಹಾನಗರದಲ್ಲಿ ಕಳೆದರೂ ಅವರ ಕುಂಚವು ಹಳ್ಳಿಯ ಬಯಲನ್ನು, ಜಾತ್ರೆಯನ್ನು, ಕೋಳಿಅಂಕವನ್ನು, ದುಡಿಯುವ ಜನರನ್ನು ಮರೆಯಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. "ಚಿತ್ರಕಾರನು ಊರನ್ನು ಬಿಟ್ಟವನು; ಕೊಳ್ಳುವವನು ಊರನ್ನು ಕಾಣದವನು. ಉಳುವವನ ಚಿತ್ರವು ಧನಿಕನ ಗೋಡೆಯನ್ನು ಸೇರುತ್ತದೆ. ಉಳುವವನಿಗೆ ಅದರ ಬೆಲೆಯೂ ಇಲ್ಲ, ನೋಟವೂ ಇಲ್ಲ. ಇದು ಪ್ರೀತಿಯೆ? ಇಲ್ಲವೆ ವ್ಯಾಪಾರವೆ?" ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಇದು ಅರ್ಧಸತ್ಯವೆಂದೇ ಹೇಳಬೇಕಾಗಿದೆ.

ಹೆಬ್ಬಾರರು ಲಯದ ಮರ್ಮವನ್ನು ಅರಿಯುವುದಕ್ಕಾಗಿ ಕಥಕ್ ನೃತ್ಯವನ್ನು ಅಭ್ಯಸಿಸಿದರು. ಅವರ ರೇಖೆಗಳಿಗೆ ಹಾಡುವ ರೇಖೆಗಳೆಂಬ ಹೆಸರು ಬಂದುದು ಸುಮ್ಮನೆಯಲ್ಲ. ಸಾಲಾಗಿ ನಿಂತು ನಟ್ಟಿಮಾಡುವವರ ಕೈಗಳು ಏಕಕಾಲದಲ್ಲಿ ಏಳುವುದೂ ಬೀಳುವುದೂ ಚಿತ್ರಕಾರನ ಕಲ್ಪನೆಯಲ್ಲ. ಆ ಲಯವೇ ದುಡಿಮೆಯನ್ನು ಸಹ್ಯವಾಗಿಸತಕ್ಕುದು. ಆದುದರಿಂದಲೇ ಗದ್ದೆಯಲ್ಲಿ ಹಾಡು ಹುಟ್ಟಿತು. ಶ್ರಮದೊಳಗಿನ ಈ ಚೆಲುವನ್ನು ಕಂಡು ತೋರಿಸುವವನು ಶ್ರಮಿಕನನ್ನು ಅವಮಾನಿಸುವುದಿಲ್ಲ; ಅವನಿಗೆ ಸಲ್ಲಬೇಕಾದ ಗಮನವನ್ನು ಸಲ್ಲಿಸುತ್ತಾನೆ. ಬಡತನ, ಹಸಿವು, ಯುದ್ಧದ ವಿನಾಶ ಇವೂ ಹೆಬ್ಬಾರರಿಗೆ ಚಿತ್ರವಸ್ತುಗಳಾದುವೆಂಬುದನ್ನು ಮರೆಯಬಾರದು. ಫ್ರಾನ್ಸಿನ ರೈತನ ಮಗನಾದ ಮಿಲೆಯು, ಕೊಯ್ದ ಹೊಲದಲ್ಲಿ ಉಳಿದ ತೆನೆಗಳನ್ನು ಆಯುವ ಮೂವರು ಬಡ ಹೆಂಗಸರನ್ನು ಚಿತ್ರಿಸಿ 1857ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿಟ್ಟಾಗ ಸಿರಿವಂತರು ಕಸಿವಿಸಿಗೊಂಡರು. ಚೆಲುವು ಕಣ್ಣನ್ನು ತಣಿಸುತ್ತಲೇ ಮನಸ್ಸನ್ನು ಕುಟುಕಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಸುಳ್ಳು ಹುಟ್ಟುವುದೆಲ್ಲಿ? ನಮ್ಮ ಕಡೆಯ ಹೆಂಗಸರು ಹಿಂದೆ ಮಳೆಗೆ ಗೊರಬು ಹೊದ್ದು ಗದ್ದೆಗಿಳಿಯುತ್ತಿದ್ದರು. ಈಗ ಬೆನ್ನಿನ ಮೇಲಿರುವುದು ಪ್ಲಾಸ್ಟಿಕ್ ಹಾಳೆ. ಇಂದಿನ ಗದ್ದೆಯನ್ನು ಬರೆಯುತ್ತೇನೆಂದು ಹೊರಟವನು ಆ ಹಾಳೆಯನ್ನು ಕಿತ್ತು ಗೊರಬನ್ನೇ ಬರೆದನಾದರೆ, ಅವನು ಬರೆದುದು ಆ ಹೆಂಗಸನ್ನಲ್ಲ, ನಮ್ಮ ಹಂಬಲವನ್ನು. ಹಂಬಲವು ಪಾಪವಲ್ಲ, ಆದರೆ ಬದುಕಿರುವವರ ಸ್ಥಾನದಲ್ಲಿ ಅದನ್ನು ಕೂರಿಸುವುದು ಅನ್ಯಾಯ. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು 1941ರ ತಮ್ಮ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಈ ಕರಾವಳಿಯನ್ನು ಮೂರು ತಲೆಮಾರುಗಳ ಬಾಳಿನ ಮೂಲಕ ಕಂಡರು. ಅಲ್ಲಿ ಕಡಲು ಚೆಲುವಾದುದು. ಅದೇ ಕಡಲ ತಡಿಯ ಬಾಳು ಕಠಿನವಾದುದು. ಎರಡನ್ನೂ ಒಂದೇ ದೃಷ್ಟಿಯಲ್ಲಿ ಹಿಡಿದುದರಿಂದಲೇ ಆ ಚಿತ್ರಣವು ಪ್ರಾಮಾಣಿಕವಾಯಿತು.

ಚಿತ್ರಕಾರನಿಗೆ ಸಲ್ಲುವ ಈ ನಿಯಮವು ನೋಡುವವನಿಗೂ ಸಲ್ಲುತ್ತದೆ. ಇಂದು ನಮ್ಮ ಸೀಮೆಯಲ್ಲಿ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ; ಎಷ್ಟೋ ಮನೆ ನಿವೇಶನಗಳಾಗಿವೆ. ಕೂಲಿಯಾಳು ದೊರೆಯದಿರುವುದು, ಭತ್ತದ ಬೇಸಾಯವು ಗಿಟ್ಟದಿರುವುದು, ಮಕ್ಕಳು ಬೆಂಗಳೂರು ಮುಂಬಯಿಗಳನ್ನು ಸೇರಿರುವುದು, ಇವು ನಿಜವಾದ ಕಾರಣಗಳೇ. ಹೋದವರನ್ನು ನಿಂದಿಸುವುದರಿಂದ ಪ್ರಯೋಜನವಿಲ್ಲ. ಆದರೆ ಗದ್ದೆಯನ್ನು ಮಾರಿ ಅದರ ಚಿತ್ರವನ್ನು ಗೋಡೆಗೆ ತೂಗುಹಾಕಿ, ಊರಿನ ಮೇಲಣ ಪ್ರೀತಿಯು ಸಂದಿತೆಂದು ಭಾವಿಸುವವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ. ಆ ದೋಷವು ಚಿತ್ರದ್ದಲ್ಲ.

ಚಿತ್ರವನ್ನು ಸಾಲಪತ್ರಕ್ಕೆ ಹೋಲಿಸಬಹುದು. ಸಾಲಪತ್ರವು ತಾನೇ ಸಾಲವನ್ನು ತೀರಿಸುವುದಿಲ್ಲ. ಸಾಲವುಂಟೆಂಬುದನ್ನು ಮರೆಯಗೊಡುವುದೂ ಇಲ್ಲ. ಊಟದ ಬಟ್ಟಲಿಗೆ ಅನ್ನವು ಯಾರ ಬೆನ್ನಿನಿಂದ ಬಂದಿತೆಂಬುದನ್ನು ಒಳ್ಳೆಯ ಚಿತ್ರವು ಗೋಡೆಯ ಮೇಲಿನಿಂದ ನಿತ್ಯವೂ ಹೇಳುತ್ತಿರುತ್ತದೆ. ಬರೆದವನು ತನ್ನ ಕರ್ತವ್ಯವನ್ನು ಮುಗಿಸಿದ್ದಾನೆ. ಓದಿಕೊಂಡು ನಡೆಯಬೇಕಾದವರು ನಾವು.