ತೀರ್ಪಿಗೆ ಮುಂಚಿನ ಶಿಕ್ಷೆ

ಕನ್ನಡ ಪಾಠ ಹೇಳುವವನಿಗೆ ಅಪರಾಧ, ಶಿಕ್ಷೆ, ನ್ಯಾಯಗಳ ಗೊಡವೆ ಏಕೆಂದು ಓದುಗರು ಕೇಳಬಹುದು. ಕೇಳುವುದು ಸರಿಯೇ. ನಾನು ಕಾನೂನು ಓದಿದವನಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿದವನೂ ಅಲ್ಲ. ಆದರೆ ಅಪರಾಧವನ್ನೇ ಮಾಡದ ಒಬ್ಬನಿಗೆ ಶಿಕ್ಷೆ ಕೊಟ್ಟವರಲ್ಲಿ ಒಮ್ಮೆ ನಾನೂ ಒಬ್ಬನಾಗಿದ್ದೆ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

2011ರ ಮಾತು. ಆಗ ನಾನಿದ್ದ ಕಾಲೇಜಿನಲ್ಲಿ, ಪ್ರವಾಸಕ್ಕೆಂದು ವಿದ್ಯಾರ್ಥಿಗಳಿಂದ ಕೂಡಿಸಿದ್ದ ನಾಲ್ಕು ಸಾವಿರ ರೂಪಾಯಿ ಕಾಣದಾಯಿತು. ಹಣವಿದ್ದ ಕೊಠಡಿಯಿಂದ ಕೊನೆಗೆ ಹೊರಬಂದವನು ಎರಡನೆಯ ವರ್ಷದ ಒಬ್ಬ ಹುಡುಗ. ಹಳ್ಳಿಯವನು, ಬಡವ, ಮಾತು ಕಡಮೆ. ಈ ಮೂರೂ ಅವನ ವಿರುದ್ಧ ಸಾಕ್ಷಿ ನುಡಿದವು. ಮೂವರ ವಿಚಾರಣಾ ಸಮಿತಿ ನೇಮಕವಾಯಿತು, ಅದರಲ್ಲಿ ನಾನೊಬ್ಬ. ವಿಚಾರಣೆ ಮುಗಿಯುವವರೆಗೆ ಅವನು ತರಗತಿಗೆ ಬರಕೂಡದೆಂದು ಮೊದಲ ದಿನವೇ ತೀರ್ಮಾನಿಸಿದೆವು. ಇದು ಶಿಕ್ಷೆಯಲ್ಲ, ಬರಿಯ ಮುನ್ನೆಚ್ಚರಿಕೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಆಮೇಲೆ ದಸರೆಯ ರಜ ಬಂತು, ಉತ್ತರಪತ್ರಿಕೆ ತಿದ್ದುವ ಕೆಲಸ ಬಂತು. ಕಾಗದಪತ್ರಗಳು ನನ್ನ ಮೇಜಿನ ಖಾನೆಯಲ್ಲಿ ಮಲಗಿದವು. ಏಳು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಕಚೇರಿಯಿಂದ ಲೆಕ್ಕದ ಪುಸ್ತಕ ತರಿಸಿ ನೋಡಿದೆ. ಹಣವನ್ನು ಯಾರೂ ಕದ್ದಿರಲಿಲ್ಲ. ಗುಮಾಸ್ತರು ಅದನ್ನು ಬೇರೊಂದು ಶುಲ್ಕದ ಬಾಬಿನಲ್ಲಿ ಜಮಾ ಮಾಡಿಬಿಟ್ಟಿದ್ದರು. ಇದನ್ನು ಕಂಡುಹಿಡಿಯಲು ನನಗೆ ಬೇಕಾದದ್ದು ಅರ್ಧ ಗಂಟೆ.

ಹುಡುಗನದು ಏನೂ ತಪ್ಪಿಲ್ಲವೆಂದು ವರದಿ ಬರೆದೆವು. ಅಷ್ಟು ಹೊತ್ತಿಗೆ ಹಾಜರಿ ಸಾಲದೆ ಅವನು ಪರೀಕ್ಷೆಗೆ ಕೂರುವಂತಿರಲಿಲ್ಲ. ವರದಿಯ ಪ್ರತಿ ಪಡೆಯಲು ಅವನ ತಂದೆ ಬಂದರು. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಕೇಳಿದರು: "ತಪ್ಪಿಲ್ಲ ಅಂತ ಬರೆದ್ರಿ, ಸಂತೋಷ. ನನ್ನ ಮಗನ ಒಂದು ವರ್ಷ ಹೋಯ್ತಲ್ಲ, ಅದನ್ನ ಯಾರು ಕೊಡ್ತಾರೆ, ಮೇಷ್ಟ್ರೇ?"

ನಾನು ಉತ್ತರ ಕೊಡಲಿಲ್ಲ. ಉತ್ತರವಿದ್ದರೆ ತಾನೆ?

ಕಾಲೇಜಿನ ಗೋಡೆಯೊಳಗೆ ಸಣ್ಣದಾಗಿ ನಡೆದದ್ದು ಸೆರೆಮನೆಯ ಗೋಡೆಯೊಳಗೆ ದೊಡ್ಡದಾಗಿ ನಡೆಯುತ್ತದೆ. ಸೆರೆಮನೆಯೆಂದರೆ ಅಪರಾಧಿಗಳ ಮನೆಯೆಂದು ನಾವು ತಿಳಿದಿದ್ದೇವೆ. ಲೆಕ್ಕ ಬೇರೆಯೇ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಅಂಕಿಗಳಂತೆ, 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ, ಒಳಗಿದ್ದ ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದಿದ್ದವರು. ಅವರಲ್ಲಿ ನಿಜವಾದ ತಪ್ಪಿತಸ್ಥರೂ ಇರುತ್ತಾರೆ, ಸಂದೇಹವಿಲ್ಲ. ಆದರೆ ಯಾರು ಯಾರೆಂದು ಹೇಳಬೇಕಾದ ತೀರ್ಪು ಬಂದಿರುವುದಿಲ್ಲ. ಬೀಗ ಮಾತ್ರ ಬಿದ್ದಿರುತ್ತದೆ.

ಇದು ಹೊಸ ಕಥೆಯೂ ಅಲ್ಲ. ಬಿಹಾರದ ಸೆರೆಮನೆಗಳ ಸ್ಥಿತಿ 1979ರಲ್ಲಿ ಹುಸೈನಾರಾ ಖಾತೂನ್ ಮೊಕದ್ದಮೆಯ ಮೂಲಕ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಅಪರಾಧ ರುಜುವಾತಾಗಿದ್ದರೂ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲವನ್ನು ವಿಚಾರಣೆಗಾಗಿ ಕಾಯುತ್ತಲೇ ಕಳೆದವರು ಅಲ್ಲಿದ್ದರು. ಶೀಘ್ರ ವಿಚಾರಣೆಯೂ ಸಂವಿಧಾನದ 21ನೆಯ ವಿಧಿಯ ಹಕ್ಕಿನಲ್ಲಿ ಸೇರಿದೆಯೆಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿದ್ದ ಪೀಠ ಸಾರಿತು. ನಾಲ್ಕು ವರ್ಷದ ಮೇಲೆ, 1983ರಲ್ಲಿ, ರುದುಲ್ ಸಾಹ್ ಎಂಬಾತನ ಮೊಕದ್ದಮೆ ಬಂತು. ಅವನು ನಿರ್ದೋಷಿಯೆಂದು ತೀರ್ಪಾದದ್ದು 1968ರಲ್ಲಿ. ಸೆರೆಮನೆಯಿಂದ ಹೊರಬಂದದ್ದು 1982ರಲ್ಲಿ. ತೀರ್ಪು ಬಂದ ಮೇಲೂ ಹದಿನಾಲ್ಕು ವರ್ಷ! ಸರ್ಕಾರ ಅವನಿಗೆ ಮೂವತ್ತೈದು ಸಾವಿರ ರೂಪಾಯಿ ಪರಿಹಾರ ಕೊಡಬೇಕಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತದೆ ನಮ್ಮ ಗಾದೆ. ವಯಸ್ಸಿನ ಮಾತೂ ಹಾಗೆಯೇ.

ನನ್ನ ವೃತ್ತಿಗೆ ಹತ್ತಿರದ ಒಂದು ಮಾತು. 'ಶಿಕ್ಷೆ' ಎಂಬುದು ಸಂಸ್ಕೃತದಲ್ಲಿ ಕಲಿಕೆ. ಕನ್ನಡಕ್ಕೆ ಬಂದು ದಂಡನೆಯಾಯಿತು. ಶಿಕ್ಷಕ, ಶಿಕ್ಷಣ ಇವೆಲ್ಲ ಅದರ ಒಡಹುಟ್ಟುಗಳೇ. ತಪ್ಪು ಮಾಡಿದವನು ತನ್ನ ತಪ್ಪನ್ನು ಅರಿಯಬೇಕು, ಇತರರು ಅದರಿಂದ ತಿಳಿಯಬೇಕು ಎಂಬುದು ಶಿಕ್ಷೆಯ ಸಮರ್ಥನೆ. ತೀರ್ಪಿಗೆ ಮುಂಚೆಯೇ ಕೊಟ್ಟ ಶಿಕ್ಷೆ ಏನನ್ನು ಕಲಿಸುತ್ತದೆ? ನಿರ್ದೋಷಿಗೆ, ಲೋಕದಲ್ಲಿ ನ್ಯಾಯವಿಲ್ಲವೆಂದು. ದೋಷಿಗೆ, ಎಲ್ಲವೂ ಅದೃಷ್ಟದ ಆಟವೆಂದು. 'ದಂಡ' ಎಂಬ ಮಾತಿಗೆ ನಮ್ಮಲ್ಲಿ ವ್ಯರ್ಥವೆಂಬ ಅರ್ಥವೂ ಇದೆಯಷ್ಟೆ. ಆ ಹುಡುಗನ ವರ್ಷ ಎರಡೂ ಅರ್ಥದಲ್ಲಿ ದಂಡವಾಯಿತು.

ತಪ್ಪಾಗಿ ದಂಡಿಸಿದವನಿಗೆ ಏನು ಶಿಕ್ಷೆ? ಈ ಪ್ರಶ್ನೆಯನ್ನು ಎದುರಿಸಿದವನೊಬ್ಬ ನಮ್ಮ ನಾಡಿನಲ್ಲೇ ಇದ್ದ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಅರಸನು ಅನ್ಯಾಯವಾಗಿ ದಂಡ ವಸೂಲು ಮಾಡಿದರೆ ಅದರ ಮೂವತ್ತರಷ್ಟನ್ನು ವರುಣನಿಗೆ ನಿವೇದಿಸಿ ಬ್ರಾಹ್ಮಣರಿಗೆ ಕೊಡಬೇಕೆಂದು ಸ್ಮೃತಿ ಹೇಳುತ್ತದೆ. ವ್ಯಾಖ್ಯಾನಕಾರ ಅಷ್ಟಕ್ಕೇ ಬಿಡುವುದಿಲ್ಲ. ಯಾರಿಂದ ತೆಗೆದುಕೊಂಡನೋ ಅವನಿಗೆ ತೆಗೆದುಕೊಂಡಷ್ಟನ್ನು ಹಿಂದಿರುಗಿಸಲೂ ಬೇಕು, ಇಲ್ಲವಾದರೆ ಅಪಹಾರದ ದೋಷ ಬರುತ್ತದೆ ಎನ್ನುತ್ತಾನೆ. ಎಂದರೆ, ಅರಸನೇ ಕಳ್ಳನಾಗುತ್ತಾನೆ. ಆ ಗ್ರಂಥಗಳು ಜಾತಿಗೊಂದು ಶಿಕ್ಷೆ ಹೇಳಿದವು. ಅದನ್ನು ನಾವು ಬಿಟ್ಟದ್ದು ಒಳ್ಳೆಯದಾಯಿತು. ಆದರೆ ದಂಡ ಹಿಡಿದ ಕೈಗೂ ಲೆಕ್ಕ ಒಪ್ಪಿಸುವ ಹೊಣೆಯಿದೆಯೆಂಬ ಈ ಮಾತನ್ನೂ ಅದರ ಜೊತೆಗೇ ಬಿಟ್ಟೆವೇನೋ! ಸುಳ್ಳು ಮೊಕದ್ದಮೆಗಳಿಂದ ನೊಂದವರಿಗೆ ಪರಿಹಾರ ಕೊಡಲು ಕಾನೂನಿನಲ್ಲೇ ಏರ್ಪಾಡು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಸೂಚಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಗಳು ಅಂಥ ಏರ್ಪಾಡನ್ನು ತರಲಿಲ್ಲ.

ಇದಕ್ಕೆ ಎದುರುಮಾತಿಲ್ಲದೆ ಇಲ್ಲ. ಮನೆ ಸೂರೆಯಾದವರು, ಮಗಳನ್ನು ಕಳೆದುಕೊಂಡವರು, "ಆರೋಪಿಯ ಮೇಲೆ ಇಷ್ಟು ಮರುಕವೇ?" ಎಂದು ಕೇಳಿದರೆ ನಾನು ತಲೆ ತಗ್ಗಿಸುತ್ತೇನೆ. ಸಾಕ್ಷಿಗಳನ್ನು ಹೆದರಿಸಬಲ್ಲವನನ್ನು ಹೊರಗೆ ಬಿಡಲಾಗದು. ಒಪ್ಪಿದೆ. ಆದರೆ ವಿಳಂಬದಿಂದ ನೊಂದವರಿಗೆ ಬಂದ ಲಾಭವೇನು? ಅವರೂ ಬಾಗಿಲ ಹೊರಗೆ ಕಾಯುತ್ತಲೇ ಇರುತ್ತಾರೆ. ಅಲ್ಲದೆ ಒಳಗಿರುವವರೆಲ್ಲ ಹೆದರಿಸಬಲ್ಲವರೇ ಅಲ್ಲ. ಒಂದೇ ಆರೋಪ ಹೊತ್ತ ಇಬ್ಬರಲ್ಲಿ, ಪಹಣಿ ತಂದು ಜಾಮೀನು ನಿಲ್ಲುವ ನೆಂಟನಿದ್ದವನು ಮನೆಯಲ್ಲಿ ಉಣ್ಣುತ್ತಾನೆ. ಇಲ್ಲದವನು, ಜಾಮೀನಿನ ಆದೇಶ ಕೈಯಲ್ಲಿದ್ದರೂ, ಒಳಗೇ ಉಳಿಯುತ್ತಾನೆ. ಅಲ್ಲಿ ಶಿಕ್ಷೆಯಾಗುತ್ತಿರುವುದು ಅಪರಾಧಕ್ಕಲ್ಲ, ಬಡತನಕ್ಕೆ.

ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಲ್ಲಿ ಒಂದು ಒಳ್ಳೆಯ ಮಾತಿದೆ. ಹಿಂದೆಂದೂ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ, ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಅವನನ್ನು ಬಾಂಡಿನ ಮೇಲೆ ಬಿಡಬೇಕು. ಮರಣದಂಡನೆ ಅಥವಾ ಆಜೀವ ಶಿಕ್ಷೆಯಿರುವ ಆರೋಪಗಳಿಗೂ ಹಲವು ಮೊಕದ್ದಮೆಗಳಿರುವವರಿಗೂ ಇದು ಸಲ್ಲದು. ಅವಧಿ ಮುಗಿದೊಡನೆ ಸೆರೆಮನೆಯ ಅಧೀಕ್ಷಕರೇ ನ್ಯಾಯಾಲಯಕ್ಕೆ ಬರೆದುಕೊಳ್ಳಬೇಕೆಂದೂ ಅಲ್ಲಿ ಹೇಳಿದೆ. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಈ ಕೊನೆಯ ಅಂಶ. ಕಾನೂನು ಎಷ್ಟು ಒಳ್ಳೆಯದಾದರೂ, ಒಂದು ದಿನ ಒಬ್ಬ ಮನುಷ್ಯ ಎದ್ದು ಖಾನೆ ತೆರೆದು ಕಾಗದವನ್ನು ಹೊರಗೆ ತೆಗೆಯಬೇಕು. ಅವನಿಗೆ ರಜ ಇರಬಹುದು. ಬೇರೆ ಕೆಲಸ ಇರಬಹುದು. ಕೆಟ್ಟ ಮನಸ್ಸು ಇರಬೇಕಾಗಿಯೇ ಇಲ್ಲ. ನನಗೂ ಇರಲಿಲ್ಲ.

ಮರುವರ್ಷ ಕಾಲೇಜು ಆ ಹುಡುಗನ ಶುಲ್ಕ ಬಿಟ್ಟುಕೊಡುವುದಾಗಿ ಪತ್ರ ಬರೆಯಿತು; ನಾನೂ ಬೇರೆಯಾಗಿ ಬರೆದೆ. ಅವನು ಬರಲಿಲ್ಲ. ಅವನ ತರಗತಿಗೆ ಹೋಗಿ, ತಪ್ಪು ಅವನದಲ್ಲ ನಮ್ಮದು ಎಂದು ಹೇಳಿದೆ. ವಿದ್ಯಾರ್ಥಿಗಳು ತಲೆ ತಗ್ಗಿಸಿ ಕೇಳಿದರು. ಕೇಳಬೇಕಾದವನೊಬ್ಬ ಅಲ್ಲಿರಲಿಲ್ಲ.